ಫಿಯಟ್ಟಿಗೊಂದು ಚಕ್ಕುಬಂದಿ

ಅರಸೀಕೆರೆ ಸಬ್ ರಿಜಿಸ್ಟ್ರಾರ್ ಕಚೇರಿಯೆದುರು
ಹೊಂಗೆ ಮರದಡಿಯ ಮೇಜು ನನ್ನದು.
ಮೂವತ್ತೊಂದು ವರ್ಷ ಕಂಡವರ ನೆಲ ಬರೆದಿದ್ದೇನೆ,
ಗುಂಟೆ, ಅಂಕಣ, ಖರಾಬು, ಬಾವಿಯಲ್ಲಿ ಕಾಲುಪಾಲು,
ಹುಣಸೆ ಮರದ ಫಸಲು ಸಹಿತ.
ಒಂದಂಗುಲ ನನ್ನ ಹೆಸರಿಗಿಲ್ಲ.

ಈಗ ಇದೊಂದು.
ಗಾರ್ಡ್ ಲಾಜರಸ್ಸರ ಸೊಸೆ, ಷೆಡ್ಡು ಖಾಲಿಯಾಗಬೇಕೆಂದು,
ಹಿಂದಿನ ಸೀಟಿನ ಕೋಳಿಗಳನ್ನು ಓಡಿಸಿ ಕೊಟ್ಟರು.
"ಮಾವ ಫಿಯಟ್ ಅಂತಿದ್ರು. ಅಷ್ಟೇ ನಂಗೊತ್ತು."
ಆರ್‌ಸಿ ಪುಸ್ತಕದಲ್ಲಿ ಫಿಯಟ್, ಆಮೇಲೆ ಹನ್ನೊಂದು ನೂರು,
ಆಮೇಲೆ ಒಂದು ತೂತು.
ಯಾವುದೋ ಹುಳು ನನ್ನ ಕಾರಿನ ಮಾಡೆಲ್ ತಿಂದು
ಬಲಿತು, ಸತ್ತೂ ಹೋಗಿದೆ.

ಚರಾಸ್ತಿ ಎಂದು ರಸೀದಿ ಬರೆದೆ.
ಚಲಿಸಲಿಲ್ಲ.
ಆರು ಜನ ತಳ್ಳಿ ತಂದು ತೆಂಗಿನ ಮರದ ಪಕ್ಕ ಬಿಟ್ಟರು.

ಕೊಬ್ಬರಿ ಮಂಡಿಯ ತೀರ್ಥಲಿಂಗಪ್ಪ ಕೋಲೂರಿ ಬಂದು
ಹಿಂಬದಿಯ ರೆಕ್ಕೆ ಸವರಿದರು, ಹಸು ಕೊಳ್ಳಲು ಬಂದವರ ಹಾಗೆ.
"ಎಲಿಗೆಂಟು. ಐವತ್ತೆಂಟರದ್ದು. ನಮ್ಮಪ್ಪನ ಹತ್ರ ಇತ್ತಲ್ಲ.
ಬಾಲ ಕಂಡಮೇಲೆ ಸುಳಿ ನೋಡಬೇಕೇನ್ರೀ?"
ಬಾಣಾವರದ ವೆಲ್ಡರ್ ಕರಿಬಸವ ಮೂತಿಗೆ ಟಾರ್ಚು ಬಿಟ್ಟ.
"ಜಾಲರಿ ಸೆಲೆಕ್ಟಿಂದು. ಅಲ್ಲ ಅಂದ್ರೆ ಮೀಸೆ ಬೋಳಿಸ್ತೀನಿ."
ಅವನಿಗೆ ಮೀಸೆಯೇ ಇರಲಿಲ್ಲ.
ಹಾಸನದಿಂದ ಬಂದ ಇನ್ಶೂರೆನ್ಸಿನ ಇಂಚರಾ
ಮೀಟರಿನ ಫೋಟೋ ತೆಗೆದುಕೊಂಡು
"ಸೂಪರ್ ಸೆಲೆಕ್ಟ್, ಸಾರ್" ಎಂದು ಪೆನ್ಸಿಲ್ಲಲ್ಲಿ ಬರೆದಳು,
ಅಳಿಸಲು ಬರುವ ಹಾಗೆ.
"ಮೊದ್ಲು ಹಿಕ್ಕೆ ತೊಳೀರಿ," ಎಂದಳು ನನ್ನ ಗಿರಿಜಾಂಬ.

ಚಾಸಿಯ ತಗಡಿಗೆ ಕೊಬ್ಬರಿ ಎಣ್ಣೆ ತಿಕ್ಕಿ
ಸೀಸ ಉಜ್ಜಿದೆ. ಎದ್ದು ಬಂದದ್ದು ಒಂದೇ ಅಂಕಿ,
ಮೂರೋ ಎಂಟೋ.
ಇಂಥದೇ ಒಂದು ಸರ್ವೆ ನಂಬರಿಗೆ ಅಣ್ಣತಮ್ಮಂದಿರು
ಹನ್ನೆರಡು ವರ್ಷ ಕೋರ್ಟು ಅಲೆದದ್ದನ್ನು ಕಂಡವನು ನಾನು.

ಕೊನೆಗೆ ಮೆಕ್ಯಾನಿಕ್ಕು. ಹೆಸರೇ ಮುಖ್ತಿಯಾರ್,
ಅಧಿಕಾರಪತ್ರ ಬೇಕಿಲ್ಲ. ಅಡಿಗೆ ನುಸುಳಿ
ಕಾಲು ಮಾತ್ರ ಹೊರಗಿಟ್ಟು ಮಾತಾಡಿದ.
"ಗಾರ್ಡ್ ಸಾಹೇಬ್ರು ಗುಜರಿಯಲ್ಲಿ ಸಿಕ್ಕಿದ್ದೆಲ್ಲ ಹಾಕವ್ರೆ.
ಬಾಲ ಒಂದರದ್ದು, ಮೂತಿ ಒಂದರದ್ದು, ಮೀಟರ್ ಇನ್ನೊಂದರದ್ದು.
ಒಂದೇ ಮನೇಲಿ ಮೂರು ಒಲೆ ಸ್ವಾಮಿ."
ಹಸಿರು ಕೆರೆದ. ಕೆಳಗೆ ಬೂದಿ.
ಬೂದಿ ಕೆರೆದ. ಕೆನೆ.
"ಸಾಕು ಬಿಡಪ್ಪ," ಎಂದೆ. ಎಷ್ಟಂತ ಕೆರೆಯುವುದು.

ನಮ್ಮ ಕಸುಬಲ್ಲೊಂದು ಮಾತಿದೆ:
ಅಳತೆಗೂ ಚಕ್ಕುಬಂದಿಗೂ ತಕರಾರು ಬಿದ್ದರೆ
ಚಕ್ಕುಬಂದಿಯ ಮಾತೇ ಮೇಲು.
ತಾನೇನೆಂದು ಹೇಳಲಾರದ ನೆಲವನ್ನು
ಅಕ್ಕಪಕ್ಕದವರು ಹೇಳಬೇಕು.

ರಾತ್ರಿ ಕೂತು, ಛಾಪಾ ಇಲ್ಲದ ಬಿಳಿ ಹಾಳೆಗೆ ಬರೆದೆ:
ಪೂರ್ವಕ್ಕೆ ನಮ್ಮ ಬಚ್ಚಲ ಗೋಡೆ.
ಪಶ್ಚಿಮಕ್ಕೆ ತೆಂಗಿನ ಮರ, ಯಾವಾಗ ಬೇಕಾದರೂ ಕಾಯಿ ಬೀಳಿಸಬಹುದಾದ್ದು.
ಉತ್ತರಕ್ಕೆ ತಾಜುನ್ನೀಸಾ ಬೀಬಿಯವರ ಖುಲ್ಲಾ ಜಾಗ.
ದಕ್ಷಿಣಕ್ಕೆ ಓಣಿ.
ಈ ಮಧ್ಯೆ ಇರುವ, ಹಸಿರು ಬಣ್ಣದ, ಮುಂಬಾಗಿಲು
ಹಿಂದು ಮುಂದಾಗಿ ತೆರೆಯುವ ಸ್ವತ್ತು.
ಓದಿಕೊಂಡೆ. ಒಂದಕ್ಷರ ತಪ್ಪಿಲ್ಲ.
ಹಾಯಾಗಿ ನಿದ್ದೆ ಬಂತು.

ಭಾನುವಾರ ಮುಖ್ತಿಯಾರ್ ಕಾರ್ಬ್ಯುರೇಟರಿಂದ
ಕೋಳಿ ಪುಕ್ಕವೊಂದನ್ನು ಎಳೆದು ಊದಿ ಹಾರಿಸಿ
"ಸೆಲ್ಫ್ ಎಳೀರಿ" ಎಂದ.
ಕೆಮ್ಮಿತು. ಕ್ಯಾಕರಿಸಿತು. ಆಮೇಲೆ, ಯಾರಿಗೂ ಹೇಳದೆ,
ಹೊರಟೇಬಿಟ್ಟಿತು.
ಪಕ್ಕದಲ್ಲಿ ಗಿರಿಜಾಂಬ, ಸೆರಗು ಬಿಗಿ ಹಿಡಿದು.
ಪೂರ್ವಕ್ಕೆ ಹಾಲಿನ ಬೂತು.
ಅಲ್ಲ, ಪೂರ್ವಕ್ಕೆ ಸೈಕಲ್ ಷಾಪು.
ಅಲ್ಲ, ಮಸೀದಿ ಗೋಡೆ, ಕೊಬ್ಬರಿ ಒಣಗಿಸಿದ ಅಂಗಳ,
ಕೈ ಬೀಸಿದ ಹುಡುಗ. ಅವನೂ ಹೋದ.

ಒತ್ತು ತಿದ್ದು: ಮೂರು ಪದ ಹೊಡೆದುಹಾಕಿದೆ,
ಎಲಿಗೆಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್.
ನಾಲ್ಕು ದಿಕ್ಕೂ ಖಾಲಿ ಬಿಟ್ಟಿದೆ.
ಬಿಕ್ಕಲಂ: ನಾನೇ,
ರೈಲ್ವೆ ಗೇಟಿನಲ್ಲಿ, ಎಂಜಿನ್ ಆರಿಸಲು ಧೈರ್ಯವಿಲ್ಲದೆ.